ಹುಕ್ರಪ್ಪನವರ ಅಂಗಳಕ್ಕೆ ಬಿದ್ದ ಬಿಸಿಲು

ಬಂಟ್ವಾಳ ಪೇಟೆಗೆ ಇನ್ನೂ ಪೂರ್ತಿ ಬೆಳಗಾಗಿಲ್ಲ. ನೇತ್ರಾವತಿಯ ಮೇಲಿನ ಮಂಜೂ ಅಕ್ಕಿ ಮಿಲ್ಲಿನ ಕೊಪ್ಪರಿಗೆಗಳ ಹಬೆಯೂ ಬೆರೆತು, ಹೊಳೆ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಆ ಬಿಳುಪಿನೊಳಗಿಂದ ಬಿಳಿಯ ಮನುಷ್ಯರೊಬ್ಬರು ನಡೆದು ಬರುತ್ತಾರೆ. ಕೂದಲು, ಹುಬ್ಬು, ರೆಪ್ಪೆ ಎಲ್ಲವೂ ಬಿಳಿ. ಬೆಂದ ಭತ್ತವನ್ನು ಬರಿಗಾಲಿನಿಂದ ಹರಡುತ್ತ, ಈ ತುದಿಯಿಂದ ಆ ತುದಿಗೆ ಸಾಲು ಎಳೆಯುತ್ತ ಹೋಗುತ್ತಾರೆ. ನಿದ್ದೆಯಲ್ಲಿ ನಡೆಯುವವರ ಹಾಗೆ ಕಾಣುತ್ತದೆ, ಆದರೆ ಒಂದು ಸಾಲೂ ಸೊಟ್ಟಗಾಗುವುದಿಲ್ಲ.

ಹೆಸರು ಹುಕ್ರಪ್ಪ, ವಯಸ್ಸು ನಲವತ್ತೆರಡು. ಹುಟ್ಟುವಾಗಲೇ ಮೈಗೆ ಬಣ್ಣವಿರಲಿಲ್ಲ. ಕಣ್ಣೂ ಮಂದ, ಹತ್ತು ಮಾರು ಆಚೆ ನಿಂತವರು ಅವರಿಗೆ ಬರೀ ನೆರಳು. ಕರಿಹಲಗೆ ಕಾಣದೆ ಎರಡನೇ ತರಗತಿಗೇ ಶಾಲೆ ಬಿಟ್ಟರು. ಊರಿನವರು 'ದೊರೆ' ಎಂದು ಕರೆದರು. ಅವರಿನ್ನೂ ಹುಡುಗನಾಗಿದ್ದಾಗ ಬ್ರಿಟಿಷರು ಗಂಟುಮೂಟೆ ಕಟ್ಟಿದರು. ಆಗ, ನೀನು ಯಾವಾಗ ಹೊರಡುವುದು ಎಂದು ಕೇಳಿದವರೂ ಇದ್ದಾರಂತೆ. ಇದನ್ನು ಹೇಳುವಾಗ ಅವರೇ ಮೊದಲು ನಗುತ್ತಾರೆ.

ಬೈಹುಲ್ಲು ಸುತ್ತಿ ಕಟ್ಟಿದರೆ ದಿನಕ್ಕೆ ನಲವತ್ತು ಮುಡಿ ಅಕ್ಕಿಯಾಗುವಷ್ಟು ಭತ್ತ ಈ ಅಂಗಳದಲ್ಲಿ ಒಣಗುತ್ತದೆ. ಒಣಗಿದ್ದು ಹೆಚ್ಚಾದರೆ ಯಂತ್ರದಲ್ಲಿ ನುಚ್ಚಾಗುತ್ತದೆ, ಕಡಿಮೆಯಾದರೆ ಗೋಣಿಯಲ್ಲೇ ಮುಗ್ಗುತ್ತದೆ. ಉಳಿದವರು ಕಾಳು ಕಚ್ಚಿ ನೋಡಿದರೆ ಹುಕ್ರಪ್ಪನವರು ಪಾದ ಇಟ್ಟು ಹೇಳುತ್ತಾರೆ. "ಹಸಿ ಭತ್ತ ಕಾಲಿಗೆ ಅಂಟ್ತದೆ, ಮಾತಾಡುವುದಿಲ್ಲ. ಒಣಗಿದ್ದು ಜಾರ್ತದೆ, ಸರಸರ ಅಂತ ಹೇಳ್ತದೆ. ಅದಕ್ಕೆ ಕಣ್ಣು ಯಾಕೆ?" ಇಪ್ಪತ್ತು ವರ್ಷ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ನಡು ಅಂಗಳದಲ್ಲಿ ನಿಂತು ಅವರು 'ಆಯ್ತು' ಎನ್ನದೆ ಒಂದು ಗೋಣಿಯೂ ತುಂಬಲಿಲ್ಲ.

ಬಿಸಿಲಿನ ಒಡನಾಟ ಅದಕ್ಕಿಂತಲೂ ಹಳೆಯದು. ತಾಯಿ ಅಕ್ಕು ಊರಿನ ಎಳೆ ಮಕ್ಕಳನ್ನು ಮೀಯಿಸುವುದರಲ್ಲಿ ಹೆಸರಾದವರು. ಎಣ್ಣೆ ತಿಕ್ಕಿ ಮೀಯಿಸಿದ ಮಗುವನ್ನು ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಮಲಗಿಸುವುದು ಇಲ್ಲಿನ ಪದ್ಧತಿ. ಅಕ್ಕು ತಮ್ಮ ಮಗನನ್ನು ಸ್ವಲ್ಪ ಹೊತ್ತಿಗೆ ಎತ್ತಲಿಲ್ಲ. ಬಿಸಿಲು ಕಂಡರೆ ಕಾಯಿಗೂ ಬಣ್ಣ ಬರುತ್ತದೆ, ಇವನಿಗೂ ಬಂದೀತು ಎಂದು ನಂಬಿ, ಬಿಸಿಲು ಸರಿದ ಕಡೆಗೆಲ್ಲ ಚಾಪೆ ಎಳೆದರು. ಮಗು ಅತ್ತಾಗ ತಾವೂ ಅತ್ತರು, ಆದರೂ ಎತ್ತಲಿಲ್ಲ. ಬೆಳೆದ ಮೇಲೆ ಮಗನೂ ಅದನ್ನೇ ನಂಬಿ ಮಿಲ್ಲಿನ ಅಂಗಳಕ್ಕೆ ಇಳಿದರು.

ಐದು ವರ್ಷಗಳ ಹಿಂದೆ ಕಿವಿಯಂಚು, ಮೂಗು, ಮುಂಗೈಗಳ ಮೇಲೆ ಕೆಂಚು ಕಲೆಗಳು ಎದ್ದವು. ಮುಟ್ಟಿದರೆ ಭತ್ತದ ಸಿಪ್ಪೆಯಷ್ಟು ಒರಟು. ಅಕ್ಕು ಕುಣಿದಾಡುವುದೊಂದು ಬಾಕಿ. ಕೊನೆಗೂ ಬಣ್ಣ ಬಂತೆಂದು ಮನೆಯ ದೈವಕ್ಕೆ ಎಳನೀರಿನ ಹರಕೆ ಒಪ್ಪಿಸಿದರು. ಹರಕೆ ತೀರಿಸಿದ ಮೇಲೆ ಮದ್ದು ಮಾಡುವವರುಂಟೇ? ಸಿಪ್ಪೆ ಎದ್ದು, ಉದುರಿ, ಮತ್ತೆ ಎದ್ದು ಮೂರು ವರ್ಷ ಕಳೆಯಿತು.

ಮೊದಲು ಸಂಶಯಪಟ್ಟವರು ಮಿಲ್ಲಿನಲ್ಲಿ ಭತ್ತ ಬೇಯಿಸುವ ಆಸ್ಯಮ್ಮ. ಭತ್ತದ ಧೂಳಿಗೆ ಅಲ್ಲಿ ಎಲ್ಲರ ಮೈಯೂ ತುರಿಸಿ ಸಿಪ್ಪೆ ಏಳುತ್ತದೆ, ಮಳೆಗಾಲಕ್ಕೆ ಅಂಗಳ ಖಾಲಿಯಾದಾಗ ಮಾಯುತ್ತದೆ. ಹುಕ್ರಪ್ಪನವರದು ಮಾತ್ರ ಯಾವ ಮಳೆಗಾಲಕ್ಕೂ ಮಾಯಲಿಲ್ಲ. ಕಿವಿಯದು ಗಟ್ಟಿಯಾಗಿ ರಕ್ತ ಜಿನುಗಿತು. "ಬಣ್ಣದಲ್ಲಿ ರಕ್ತ ಬರುವುದುಂಟಾ ಮಾರಾಯ? ನಡಿ," ಎಂದು ಅವರೇ ಮೂಡುಬಿದಿರೆಯ ಬಸ್ಸು ಹತ್ತಿಸಿ ಜೊತೆಗೆ ಹೋದರು.

ಅಲ್ಲಿನ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ ನಿಧಾನವಾಗಿ ತಿಳಿಸಿ ಹೇಳಿದರು. ಚರ್ಮದ ಕಪ್ಪೇ ಮನುಷ್ಯನಿಗೆ ಕೊಡೆ. ಹುಕ್ರಪ್ಪನವರು ಆ ಕೊಡೆಯಿಲ್ಲದೆ ಹುಟ್ಟಿದವರು. ಮಗುವಾಗಿದ್ದಾಗಿನಿಂದ ಬಿದ್ದ ಬಿಸಿಲೆಲ್ಲ ಸೇರಿ ಈ ಕಲೆಗಳಾಗಿವೆ. ಇವು ಕ್ಯಾನ್ಸರ್ ಅಲ್ಲ, ಅದರ ಹೊಸ್ತಿಲು. ಹೆಚ್ಚಿನವು ಹೊಸ್ತಿಲಲ್ಲೇ ಉಳಿಯುತ್ತವೆ, ಆದರೆ ಯಾವುದು ಒಳಗೆ ಕಾಲಿಡುತ್ತದೆಂದು ಹೇಳಲಾಗದು. ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿ, ಚಿಕ್ಕ ಚಮಚದಂಥ ಅಲಗಿನಿಂದ ಒಂಬತ್ತು ಕಲೆಗಳನ್ನು ಕೆರೆದು ಬುಡ ಸುಟ್ಟರು. ಕಿವಿಯದನ್ನು ಅಂಚು ಸಮೇತ ಕತ್ತರಿಸಿ ಪರೀಕ್ಷೆಗೆ ಮಂಗಳೂರಿಗೆ ಕಳಿಸಿದರು. ಅದು ಆಗಲೇ ಕ್ಯಾನ್ಸರ್ ಆಗತೊಡಗಿತ್ತು, ಆದರೆ ಪೂರ್ತಿ ತೆಗೆದಾಗಿದೆ ಎಂದು ಉತ್ತರ ಬಂತು. ಇನ್ನು ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಇಳಿಯಕೂಡದು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

ಈಗ ಹತ್ತು ಗಂಟೆಗೆ ಅವರು ಅಂಗಳದಂಚಿನ ಚಪ್ಪರಕ್ಕೆ ಸರಿಯುತ್ತಾರೆ. ಆಸ್ಯಮ್ಮ ಅಂಗಳದ ನಾಲ್ಕೂ ಮೂಲೆಯ ಭತ್ತವನ್ನು ಗೆರಸೆಯಲ್ಲಿ ತಂದು ಅವರ ಪಾದದ ಬುಡಕ್ಕೆ ಸುರಿಯುತ್ತಾರೆ. ಹುಕ್ರಪ್ಪನವರು ಕಣ್ಣು ಮುಚ್ಚಿ, ಬೆರಳಾಡಿಸಿ, ತೀರ್ಪು ಕೊಡುತ್ತಾರೆ. ಹೊರಗೆ ಅಂಗಳ ಅವರಿಗೆ ಒಂದು ದೊಡ್ಡ ಬೆಳಕಿನ ಕೆರೆಯಾಗಿ ಅಲುಗುತ್ತಿರುತ್ತದೆ. ಅಲ್ಲಿ ನಡೆಯುವ ಆಸೆ ಹೋಗಿಲ್ಲ ಎಂದು ನಾಚುತ್ತಲೇ ಒಪ್ಪಿಕೊಳ್ಳುತ್ತಾರೆ.

ಅವರನ್ನು ಎರಡು ವರ್ಷ ಕೊರೆದದ್ದು ಮಾತ್ರ ಬೇರೆಯೇ. ತಾಯಿಗೆ ಏನೆಂದು ಹೇಳುವುದು? ಕಿವಿಯದು ಮಿಲ್ಲಿನಲ್ಲಿ ಆದ ಗಾಯ, ಬಣ್ಣ ಸಾಕಷ್ಟು ಬಂತು, ಇನ್ನು ನೆರಳಿನಲ್ಲಿರಬೇಕಂತೆ ಎಂದು ಹೇಳಿ ಬಾಯಿ ಮುಚ್ಚಿಕೊಂಡಿದ್ದರು. ಅಕ್ಕು ನಂಬಿದ್ದರು.

ಕಳೆದ ತಿಂಗಳು ಪುಂಜಾಲಕಟ್ಟೆಯಿಂದ ಆಸ್ಯಮ್ಮನ ತಂಗಿಯ ಮಗಳು ಜುಲೈಕಾ, ಆಸ್ಯಮ್ಮನಿಗೂ ತಿಳಿಸದೆ, ಅಕ್ಕುವನ್ನು ಹುಡುಕಿಕೊಂಡು ಬಂದಳು. ಅವಳ ಕೈಯಲ್ಲಿ ನಲವತ್ತು ದಿನ ಕಳೆದ ಹೆಣ್ಣು ಮಗು, ಅಚ್ಚ ಬಿಳಿ. ಇಂಥ ಮಗುವನ್ನು ಸಾಕಿದವರು ನೀವೊಬ್ಬರೇ, ಬಣ್ಣ ಬರಲು ಏನು ಮಾಡಿದಿರಿ ಎಂದು ಕೇಳಿದಳು. ಅಕ್ಕು ಹಿಗ್ಗಿ ಹೋದರು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಸವರುತ್ತ, ಚಾಪೆ ಎಲ್ಲಿ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು, ಅತ್ತರೆ ಮನಸ್ಸು ಹೇಗೆ ಗಟ್ಟಿ ಮಾಡಬೇಕು ಎಂದು ವಿವರಿಸತೊಡಗಿದರು. ಹುಕ್ರಪ್ಪನವರು ಬಾಗಿಲಲ್ಲಿ ನಿಂತಿದ್ದರು. ಮಾತಾಡಿದರೆ ತಾಯಿಗೆ ಉರಿ, ಮಾತಾಡದಿದ್ದರೆ ಈ ಮಗುವಿಗೆ.

"ಅಮ್ಮಾ, ಮಗುವನ್ನು ಬಿಸಿಲಿಗೆ ಹಾಕುವುದು ಬೇಡ," ಎಂದರು. "ನನಗೆ ಬಂದದ್ದು ಬಣ್ಣ ಅಲ್ಲ. ಬಿಸಿಲಿಗೆ ಚರ್ಮ ಹಾಳಾದದ್ದು."

ಎಣ್ಣೆ ಸವರುತ್ತಿದ್ದ ಕೈ ನಿಂತಿತು. ಬಾಗಿಲಿನಿಂದ ತಾಯಿಯ ಮುಖಭಾವ ಅವರ ಮಂದ ಕಣ್ಣಿಗೆ ಕಾಣುವುದಿಲ್ಲ. ಬೈದರೂ ಸಾಕಿತ್ತು ಎನಿಸಿತಂತೆ. ಅಕ್ಕು ಅವರನ್ನು ಹತ್ತಿರ ಕರೆದು ಕೂರಿಸಿ, ಕತ್ತರಿಸಿದ ಕಿವಿಯಂಚನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿದರು.

"ನಾನು ಹಾಕಿದ ಬಿಸಿಲಾ?"

"ಹೌದಮ್ಮ. ಮತ್ತೆ ನಾನೂ ಹೋಗಿ ನಿಂತೆನಲ್ಲ."

ಅಕ್ಕು ಕಣ್ಣೊರೆಸಿಕೊಳ್ಳಲಿಲ್ಲ. ಮಗುವಿನ ಎರಡೂ ಕೈಗಳನ್ನು ಬಟ್ಟೆಯೊಳಗೆ ಸೇರಿಸಿ, ತಲೆ ಮುಚ್ಚಿ, ಜುಲೈಕಾಳ ಮಡಿಲಿಗೆ ಕೊಟ್ಟರು.

"ಇವನು ಹೇಳಿದ ಹಾಗೆ ಮಾಡು ಮಗಳೇ. ನನಗೆ ಹೇಳುವವರು ಯಾರೂ ಇರಲಿಲ್ಲ."