ಕಣ್ಣು ಅಲೆದಲ್ಲಿ ಗೀಟು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವರನ್ನು ಎಲ್ಲರೂ ಇಸ್ತ್ರಿಯಣ್ಣ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಡಾಕ್ಟರುಗಳ ಬಿಳಿ ಕೋಟಿಗೆ ಇಸ್ತ್ರಿ ಹಾಕಿದವರು. ಅವರು ಕತೆ ಬರೆಯುತ್ತಾರೆಂಬುದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹನ್ನೊಂದನೇ ವಯಸ್ಸಿನಲ್ಲಿ, ರಜೆಯ ಕಾಟ ತಾಳಲಾರದೆ ಅಮ್ಮ ಅವರನ್ನು ಲೈಬ್ರರಿಯ ಕತೆ ಬರೆಯುವ ಶಿಬಿರಕ್ಕೆ ತಳ್ಳಿದ್ದರು. ಕಲಿಸಿದ ಮೇಡಂ ಕರಡು ತಿದ್ದುವ ಕೆಲಸದಿಂದ ನಿವೃತ್ತರಾದವರು. ಆರು ವಾರ ಹೇಳಿದ್ದು ಒಂದೇ ಮಾತು: "ಬರೆದದ್ದನ್ನ ಪಕ್ಕದವರಿಗೆ ಓದಿ ಹೇಳಿ. ಅವರ ಕಣ್ಣು ಎಲ್ಲಿ ಅತ್ತಿತ್ತ ಹೋಯ್ತೋ ಅಲ್ಲಿ ಗೀಟು ಹಾಕಿ."

ಆ ಮಾತು ಅಂಟಿಕೊಂಡೇಬಿಟ್ಟಿತು. ಪಕ್ಕದವರು ಅಂದರೆ ಮೊದಲು ತಂಗಿ, ಮದುವೆಯಾದ ಮೇಲೆ ಹೆಂಡತಿ. ಆಕೆ ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದಳು. ಚಾಕು ಜೋರಾಯಿತೆಂದರೆ ಬೇಜಾರು ಬಂತೆಂದೇ ಅರ್ಥ. ಇವರು ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದರು. ಯಾವ ಪತ್ರಿಕೆಗೂ ಏನನ್ನೂ ಕಳಿಸಲಿಲ್ಲ. ಆಕೆ ಕೇಳಿದಳಲ್ಲ, ಅಷ್ಟು ಸಾಕಿತ್ತು.

ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷ ಒಂದಕ್ಷರ ಬರೆಯಲಿಲ್ಲ. ಮೂರನೇ ವರ್ಷ, ಇದೇ ಆಸ್ಪತ್ರೆಯಲ್ಲಿ ಕಳೆದ ಆಕೆಯ ಕೊನೆಯ ದಿನದ ಬಗ್ಗೆ ನಾಲ್ಕು ಪುಟ ಬರೆದರು. ಓದಿ ಹೇಳದೆ ಮುಗಿಯಿತು ಅನ್ನಿಸುವುದಿಲ್ಲವಲ್ಲ, ತಂಗಿಗೆ ಫೋನ್ ಮಾಡಿ ಓದಿದರು.

"ಎಲ್ಲಿ ಬೇಜಾರಾಯ್ತು ಹೇಳು."

"ಎಲ್ಲೂ ಇಲ್ಲಪ್ಪ, ತುಂಬಾ ಚೆನ್ನಾಗಿದೆ." ಹಿಂದೆ ಟೀವಿಯ ಸದ್ದು ಕೇಳುತ್ತಿತ್ತು.

ಮಾರನೇ ದಿನ ಊಟದ ಬಿಡುವಿನಲ್ಲಿ, ಬಟ್ಟೆ ಮಡಚುವ ಹೆಂಗಸಿನ ಎದುರು ಕೂತರು. ಹದಿನೈದು ವರ್ಷದಿಂದ ಒಂದೇ ಮೇಜಿನ ಆಚೀಚೆ ನಿಂತವರು. "ಬಿಸಿ ಇದೆ, ಜೋಪಾನ" ಬಿಟ್ಟರೆ ಇಬ್ಬರ ನಡುವೆ ಮಾತಿರಲಿಲ್ಲ.

"ಐದು ನಿಮಿಷ ಕೇಳ್ತೀರಾ?" ಅಂದು ಓದತೊಡಗಿದರು.

ಹೆಂಡತಿಯ ಕೈ ಹಿಡಿದು ತಾವು ಅತ್ತ ಭಾಗ ಬಂದಾಗ ಆ ಹೆಂಗಸು ಊಟದ ಡಬ್ಬಿ ಮುಚ್ಚಿದಳು.

"ಬೇಜಾರು ಮಾಡ್ಕೋಬೇಡಿ ಅಣ್ಣ. ಆ ಹೊತ್ತಲ್ಲಿ ನೀವು ಇಲ್ಲೇ ಇದ್ರಲ್ಲ. ಎಂಟು ಕೋಟು ಇಸ್ತ್ರಿ ಮಾಡಿದ್ರಿ. ನಾನೇ ಮಡಚಿದ್ದು."

ಇಸ್ತ್ರಿಯಣ್ಣನಿಗೆ ಮುಖ ಎತ್ತಲಾಗಲಿಲ್ಲ. ಹೌದು, ಮೇಲಿನ ವಾರ್ಡಿನಲ್ಲಿ ಹೆಂಡತಿಯ ಉಸಿರಿನ ಸದ್ದು ಕೇಳಲಾರದೆ ಅವತ್ತು ಕೆಳಗಿಳಿದು ಬಂದಿದ್ದರು.

"ಭಯ ಆಗಿತ್ತು," ಅಂದರು.

"ಅದನ್ನೇ ಬರೀರಿ."

ಆ ಸಂಜೆ ನಾಲ್ಕೂ ಪುಟಕ್ಕೆ ಗೀಟೆಳೆದು, ಆ ಎಂಟು ಕೋಟುಗಳ ಬಗ್ಗೆ ಅರ್ಧ ಪುಟ ಬರೆದರು. ಮರುದಿನ ಓದಿದಾಗ ಆ ಹೆಂಗಸು ಕದಲದೆ ಕೇಳಿದಳು. ಕಣ್ಣೊರೆಸಿಕೊಂಡು ಕೆಲಸಕ್ಕೆ ಎದ್ದಳು.

ಕತೆ ಮುಗಿದಿತ್ತು. ಮನೆಗೆ ಬಂದು ಬೀಗ ತೆಗೆದರು. ಕತೆ ಮುಗಿಯಿತು ಅಂತ ಹೇಳಲು ಒಳಗೆ ಯಾರೂ ಇರಲಿಲ್ಲ. ದೀಪ ಹಾಕಿ, ಒಬ್ಬರಿಗಾಗುವಷ್ಟು ಅಡುಗೆಗಿಟ್ಟರು.