ಅರ್ಜಿಯಲ್ಲಿ ಇಲ್ಲದ ಹೆಸರು

1997ರಲ್ಲಿ ನಾನು ಬನಶಂಕರಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಶಾಲೆ ಬಿಟ್ಟ ಮೇಲಿನ ಹೊತ್ತೆಲ್ಲ ಮಹಿಳಾ ಸಂಘದ ಕೆಲಸ: ಕರಪತ್ರ, ಮೆರವಣಿಗೆ, ಧರಣಿ. ಸ್ಟಾಫ್ ರೂಮಿನಲ್ಲಿ ನನ್ನನ್ನು ‘ಜಿಂದಾಬಾದ್ ಮೇಡಂ’ ಎನ್ನುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ನನ್ನ ಬಾಯಿಯೂ ಕಡಿಮೆಯದಲ್ಲ, ಬಿಡಿ.

ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಒಂದು ಅಂಗನವಾಡಿ ಕೋಣೆಯಲ್ಲಿ ಗಾರ್ಮೆಂಟ್ಸ್ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಹತ್ತೊಂಬತ್ತು ಮಂದಿ. ಅವರಲ್ಲಿ ಕಾಲರ್ ಹೊಲಿಯುವ ನಾಗಮ್ಮನಿಗೆ ತನ್ನ ಹೆಸರು ಬರೆಯಲು ಎರಡು ತಿಂಗಳು ಹಿಡಿಯಿತು. ಬರೆದ ದಿನ ಹೆಬ್ಬೆಟ್ಟು ಎತ್ತಿ ತೋರಿಸಿ, “ಇನ್ಮೇಲೆ ಇದಕ್ಕೆ ರಜಾ, ಮಿಸ್” ಎಂದು ನಕ್ಕಳು.

ಅವರ ಕಾರ್ಖಾನೆಯಲ್ಲಿ ಒಂದು ಲೈನ್‌ಗೆ, ಅಂದರೆ ಒಂದು ಸಾಲು ಮಷೀನುಗಳಿಗೆ, ಶೌಚಾಲಯಕ್ಕೆ ಹೋಗಲು ಒಂದೇ ಟೋಕನ್. ಒಬ್ಬಳು ಬರುವ ತನಕ ಇನ್ನೊಬ್ಬಳು ಏಳುವಂತಿಲ್ಲ. ಥೂ, ಮನುಷ್ಯರು ಮಾಡುವ ಕೆಲಸವೇ ಅದು! ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲು ತೀರ್ಮಾನಿಸಿದೆವು. ಸಂಘದ ಹಿರಿಯರಾದ ಸರೋಜಕ್ಕ ಎಚ್ಚರಿಸಿದರು: “ಸಂಘದ ಹೆಸರಲ್ಲಿ ಕೊಡೋಣ ಕಣೇ. ಅರ್ಜಿ ಕಾಪಿ ಮಾಲೀಕ್ರಿಗೂ ಹೋಗತ್ತೆ.”

ನಾನೋ ನನ್ನ ಮೂಗಿನ ನೇರಕ್ಕೆ ಹೋಗುವವಳು. “ಹಾಗಾದ್ರೆ ಹೆಸರು ಬರೆಯೋದು ಕಲ್ಸಿದ್ದು ಯಾಕಕ್ಕಾ?” ಎಂದು ಹತ್ತೊಂಬತ್ತು ಸಹಿ ಹಾಕಿಸಿದೆ. ನಾಗಮ್ಮ ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡದಾಗಿ ಬರೆದಳು.

ಮೂರೇ ವಾರದಲ್ಲಿ ಆರು ಮಂದಿಯನ್ನು ಗೇಟಿನಲ್ಲೇ ತಡೆದು ಕೆಲಸದಿಂದ ತೆಗೆದರು. ಮೊದಲನೆಯವಳು ನಾಗಮ್ಮ. ಗೇಟಿನ ಮುಂದೆ ಧರಣಿ ಕೂತೆವು. ಕೊನೆಗೆ ಟೋಕನ್ ಪದ್ಧತಿ ಹೋಯಿತು, ಆದರೆ ಆರು ಜನರನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಆಮೇಲೆ ಪಾಠಕ್ಕೆ ಯಾರೂ ಬರಲಿಲ್ಲ. ಎರಡು ಭಾನುವಾರ ಮಕ್ಕಳ ಪುಟ್ಟ ಕುರ್ಚಿಗಳ ನಡುವೆ ಚಾಪೆ ಹಾಸಿಕೊಂಡು ಹನ್ನೊಂದರ ತನಕ ಒಬ್ಬಳೇ ಕೂತು, ಹನುಮಂತನಗರದ ಬಸ್ಸು ಹಿಡಿದೆ. ಮನೆಯಲ್ಲೂ ಮಾತಾಡಲು ಯಾರೂ ಇರಲಿಲ್ಲ. ಅಷ್ಟು ಒಂಟಿ ನಾನೆಂದೂ ಆಗಿರಲಿಲ್ಲ.

ಮೂರನೆಯ ವಾರ ನಾಗಮ್ಮ ಬಂದಳು, ಸ್ಲೇಟು ಹಿಂದಿರುಗಿಸಲು.

“ತಪ್ಪಾಯ್ತು ಕಣಮ್ಮ. ನಿನ್ನ ಹೆಸರು ಹಾಕಿಸ್ಬಾರ್ದಿತ್ತು” ಎಂದು ಅತ್ತುಬಿಟ್ಟೆ.

“ಹೆಸರು ಹಾಕಿದ್ದಕ್ಕೆ ನಂಗೇನೂ ಬೇಜಾರಿಲ್ಲ ಮಿಸ್” ಎಂದಳು. “ಅದ್ರಲ್ಲಿ ನಿಮ್ಮ ಹೆಸರು ಯಾಕಿರ್ಲಿಲ್ಲ?”

ಅದು ಕಾರ್ಮಿಕರ ಅರ್ಜಿ, ಹೊರಗಿನವರ ಸಹಿ ನಡೆಯುವುದಿಲ್ಲ ಎನ್ನಬಹುದಿತ್ತು. ನಿಜ ಹೇಳಬೇಕೆಂದರೆ, ಶಾಲೆಯ ಆಡಳಿತ ಮಂಡಳಿ ನನ್ನನ್ನು ತೆಗೆದುಹಾಕೀತೆಂದು ಹೆದರಿದ್ದೆ. ಅವಳು ಸ್ಲೇಟನ್ನು ಕುರ್ಚಿಯ ಮೇಲಿಟ್ಟು ಹೋದಳು.

ನಿವೃತ್ತಿಯ ತನಕ ಇನ್ನೆಷ್ಟೋ ಅರ್ಜಿ ಬರೆದೆ. ಬೇರೆಯವರ ಕೈಗೆ ಪೆನ್ನು ಕೊಡುವ ಮೊದಲು ನನ್ನ ಸಹಿ ಹಾಕುವುದನ್ನು ಕಲಿತೆ. ಅದಕ್ಕಾಗಿ ಶಾಲೆಯಿಂದ ಎರಡು ಸಲ ನೋಟಿಸು ಬಂತು. ನೌಕರಿ ಹೋಗಲಿಲ್ಲ. ನಾಗಮ್ಮನದು ಹೋಗಿತ್ತು.