ನೆಲ ಒದ್ದೆಯಿತ್ತು ಎಂದು ಬರೆದ ಲತಾಮಣಿ

ಅರಸೀಕೆರೆಯ ವೃದ್ಧಾಶ್ರಮವೊಂದರಲ್ಲಿ ನಾನು ಅಡುಗೆಯವಳು, ಮಾದಿಹಳ್ಳಿಯ ಲತಾಮಣಿ ನರ್ಸು. ಏಳು ವರ್ಷದಲ್ಲಿ ಅವಳು ಯಾರಿಗೂ ಒಂದು ಮಾತ್ರೆ ತಪ್ಪಿಸಿದ್ದನ್ನು ನಾನು ಕಾಣೆ. ಅಂಥವಳು ಒಂದು ಸುಳ್ಳು ಬರೆದಳು. ಅದರಲ್ಲಿ ನನಗೂ ಪಾಲಿದೆ, ಅದಕ್ಕೇ ಹೇಳುತ್ತಿದ್ದೇನೆ.

ಕಲ್ಲೇಶಪ್ಪನವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಕೊಟ್ಟು ಅರ್ಧ ಗಂಟೆಯೊಳಗೆ ತಿಂಡಿ ಕೊಡಬೇಕು. ಆದರೆ ಲಿಂಗಪೂಜೆ ಮುಗಿಯದೆ ಅವರು ತೊಟ್ಟು ನೀರೂ ಮುಟ್ಟುವವರಲ್ಲ. ದಿನವೂ ಹತ್ತು ನಿಮಿಷದ ಪೂಜೆ, ತೊಂದರೆ ಇರಲಿಲ್ಲ. ಶ್ರಾವಣದ ಮೊದಲ ಸೋಮವಾರ ಮಾತ್ರ ಎಂಟೂವರೆಯಾದರೂ ಏಳಲಿಲ್ಲ. ಅಂಗೈಯ ಮೇಲಿನ ಲಿಂಗ ನಡುಗುತ್ತಿತ್ತು, ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ಪೂಜೆಗೆ ಕೂತವರನ್ನು ಮಾತಾಡಿಸುವುದುಂಟೇ? ಭಕ್ತಿ ಅಂದುಕೊಂಡೆವು, ಪೆದ್ದರು. ಇನ್ಸುಲಿನ್ ಹೋದ ಮೈಗೆ ಊಟ ಬೀಳದೆ ಸಕ್ಕರೆ ಇಳಿದು ಅವರು ಕೂತಲ್ಲೇ ಉರುಳಿದರು. ಆಸ್ಪತ್ರೆಗೆ ಹೊತ್ತುಕೊಂಡು ಹೋದ ಮೇಲೆ ಹೇಗೋ ಬದುಕಿಕೊಂಡರು.

ನಮ್ಮಲ್ಲೊಂದು ಘಟನೆ ಪುಸ್ತಕವಿದೆ. ಏನೇ ಎಡವಟ್ಟಾದರೂ ಅದರಲ್ಲಿ ಬರೆಯಬೇಕು. ಪಾಳಿಗೆ ಬಂದವರು ಮೊದಲು ಅದನ್ನು ಓದಬೇಕು. ಲತಾಮಣಿ ಪೆನ್ನು ಹಿಡಿದು ಕೂತಾಗ ಮ್ಯಾನೇಜರ್ ಶಶಿಕಿರಣ್ ಬಂದ.

"ನೆಲ ಒದ್ದೆ ಇತ್ತು, ಜಾರಿ ಬಿದ್ರು ಅಂತ ಬರಿಯಮ್ಮ. ಇಂಜೆಕ್ಷನ್ ಸುದ್ದಿ ಎತ್ತಿದ್ರೆ ನಿನ್ ಕೆಲ್ಸಾನೇ ಹೋಗುತ್ತೆ."

ಅವಳು ನನ್ನ ಮುಖ ನೋಡಿದಳು. "ಬರ್ದ್‌ಬಿಡು ಕಣೇ, ಹೆಂಗೂ ಉಳ್ಕಂಡ್ರಲ್ಲ" ಅಂದೆ. ಬರೆದಳು.

ಅಂದಿನಿಂದ ಕಲ್ಲೇಶಪ್ಪನವರಿಗೂ, ಅದೇ ಕಾಯಿಲೆಯ, ಪೂಜೆ ಮಾಡುವ ಇನ್ನೊಬ್ಬ ಅಜ್ಜಿ ರುದ್ರಮ್ಮನವರಿಗೂ ಪೂಜೆ ಮುಗಿಸಿ ಎದ್ದ ಮೇಲೆಯೇ ಇಂಜೆಕ್ಷನ್. ಅದು ಅವಳಿಗೆ ಗೊತ್ತು, ನನಗೆ ಗೊತ್ತು. ಡಾಕ್ಟರ ಚೀಟಿಯಲ್ಲಿ ಮಾತ್ರ ಏಳು ಗಂಟೆ ಎಂದೇ ಇತ್ತು.

ಕಾರ್ತಿಕದಲ್ಲಿ ತಮ್ಮನ ಮದುವೆಗೆಂದು ಲತಾಮಣಿ ರಜೆ ಹಾಕಿದಳು. ಅವಳು ಹೊರಟ ಮೇಲೆ ಬದಲಿ ನರ್ಸಾಗಿ ಜಾವಗಲ್ಲಿನ ಅರುಣಾ ಬಂದಳು, ಇಬ್ಬರಿಗೂ ಭೇಟಿಯೇ ಆಗಲಿಲ್ಲ. ಏಳಕ್ಕೆ ಸರಿಯಾಗಿ ರುದ್ರಮ್ಮನವರಿಗೆ ಇನ್ಸುಲಿನ್ ಕೊಟ್ಟಳು. ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ, ನನಗೆ ತಿಳಿಯಲಿಲ್ಲ. ಕಲ್ಲೇಶಪ್ಪನವರ ಪೂಜೆ ಅಂದು ಬೇಗ ಮುಗಿದಿತ್ತು, ರುದ್ರಮ್ಮನವರು ಮಾತ್ರ ಕಾರ್ತಿಕದ ದೊಡ್ಡ ಪೂಜೆಗೆ ಕೂತರು. ಮತ್ತೆ ಏಳಲಿಲ್ಲ.

ಸುದ್ದಿ ತಿಳಿದು ಲತಾಮಣಿ ಮದುವೆಯ ಸೀರೆಯಲ್ಲೇ ಬಸ್ಸು ಹತ್ತಿ ಬಂದಳು. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ಅರುಣಾ ಅವಳ ಕೈ ಹಿಡಿದುಕೊಂಡಳು.

"ಪುಸ್ತಕ ಪೂರ್ತಿ ಓದಿದ್ದೆ ಅಕ್ಕ. ಅಜ್ಜಿ ಜಾರಬಾರ್ದು ಅಂತ ನೆಲ ನಾನೇ ಎರಡೆರಡು ಸಲ ಒರೆಸಿದ್ದೆ."

ಲತಾಮಣಿ ಸೀದಾ ಆಫೀಸಿಗೆ ನಡೆದಳು. ಪುಸ್ತಕ ತೆಗೆದು, ಶ್ರಾವಣದ ಆ ಬರಹದ ಕೆಳಗೆ ನಡೆದದ್ದನ್ನೆಲ್ಲ ಬರೆದು ರುಜು ಹಾಕಿದಳು. ಸಂಜೆಯೊಳಗೆ ಅವಳ ಕೆಲಸ ಹೋಯಿತು. ಅವಳ ರುಜುವಿನ ಕೆಳಗೆ ನಾನೂ ಸಾಕ್ಷಿ ಎಂದು ರುಜು ಹಾಕಿದ್ದೇನೆ. ಮೂರು ತಿಂಗಳ ಹಿಂದೆಯೇ ಹಾಕಿದ್ದರೆ ರುದ್ರಮ್ಮನವರು ಇವತ್ತು ದೋಸೆ ತಿನ್ನುತ್ತಿದ್ದರು.